ಮನೆಯಲ್ಲೇ ಮಾಡಿದ ಡ್ರಮ್ ಸ್ಮೋಕರ್: ತಕರಾರೆಲ್ಲ ಮುಚ್ಚಳದ್ದು

ಇನ್ನೂರು ಲೀಟರ್ ಡ್ರಮ್ಮಿನಲ್ಲಿ ಸ್ಮೋಕರ್, ಅಂದರೆ ಸಣ್ಣ ಕಾವಿನ ಹೊಗೆಯಲ್ಲಿ ಬಾಡನ್ನು ನಿಧಾನವಾಗಿ ಬೇಯಿಸುವ ಒಲೆ, ಮಾಡಿಕೊಳ್ಳುವ ವಿಡಿಯೊಗಳು ಬೇಕಾದಷ್ಟಿವೆ. ಎಲ್ಲಿ ತೂತು, ಎಷ್ಟು ಇಂಚು, ಯಾವ ಬೋಲ್ಟು ಎಲ್ಲವನ್ನೂ ನೀವು ನೋಡಿಯೇ ಇರುತ್ತೀರಿ. ಆ ವಿಡಿಯೊಗಳಲ್ಲಿ ಡ್ರಮ್ಮು ಹೊಸದಾಗಿರುತ್ತದೆ, ಹೊರಗೆ ಒಳ್ಳೇ ಬಿಸಿಲಿರುತ್ತದೆ, ಮಾಡಿದವರು ಮೊದಲ ತುಂಡು ಬಾಯಿಗಿಟ್ಟು ತಲೆದೂಗುವಷ್ಟಕ್ಕೆ ಕಥೆ ಮುಗಿಯುತ್ತದೆ. ನಮ್ಮದು ಸಕಲೇಶಪುರದ ಕಡೆ. ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್ ತನಕ ಬಿಡುವುದಿಲ್ಲ. ಇಂಥ ಕಡೆ ಅದೇ ಡ್ರಮ್ಮನ್ನು ವರ್ಷಗಟ್ಟಲೆ ಬಳಸಿದರೆ ಏನಾಗುತ್ತದೆ ಅಂತ ಯಾರೂ ಹೇಳಿರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಡ್ರಮ್ಮಿನ ಬಗ್ಗೆ ನನಗೆ ತಕರಾರಿಲ್ಲ. ಮುಚ್ಚಳದ ಬಗ್ಗೆ ಇದೆ.

ಮೊದಲು ಡ್ರಮ್ಮಿನ ವಿಷಯ ಮುಗಿಸಿಬಿಡೋಣ. ಗುಜರಿಯಲ್ಲಿ ಎರಡು ನಮೂನೆ ಸಿಗುತ್ತವೆ. ಒಂದು, ತಲೆ ಪೂರ್ತಿ ಮುಚ್ಚಿ ಎರಡು ತಿರುಪಿನ ಬಾಯಿ ಮಾತ್ರ ಇರುವಂಥದ್ದು. ಎಣ್ಣೆ, ಕೆಮಿಕಲ್ ಬರುವುದು ಹೆಚ್ಚಾಗಿ ಇದರಲ್ಲಿ. ಇನ್ನೊಂದು, ಸುತ್ತ ಕ್ಲಾಂಪಿನ ಬಳೆ ಇದ್ದು ಮುಚ್ಚಳ ಇಡಿಯಾಗಿ ಬಿಚ್ಚಿಕೊಳ್ಳುವಂಥದ್ದು. ಜ್ಯೂಸ್ ಕಾರ್ಖಾನೆಗಳಿಗೆ ಮಾವಿನ ಪಲ್ಪ್ ಬರುವುದು ಇದರಲ್ಲೇ. ಪಲ್ಪ್ ಇರುವುದು ಒಳಗಿನ ಚೀಲದಲ್ಲಾದ್ದರಿಂದ ತಗಡಿಗೆ ಏನೂ ತಾಗಿರುವುದಿಲ್ಲ. ನಾನು ತಂದದ್ದು ಅದು. ಒಳಗೆ ಕಂದು ಬಣ್ಣದ ಲೇಪ ಇದ್ದರೆ ಸೌದೆ ಒಟ್ಟಿ ಜೋರಾಗಿ ಸುಟ್ಟು, ವೈರ್ ಬ್ರಷ್ ಹಾಕಿ ತಿಕ್ಕಿ, ಬರೀ ಕಬ್ಬಿಣ ಕಾಣುವ ತನಕ ಬಿಡಬಾರದು. ತೋಟದ ಮನೆಗಳ ಮೂಲೆಯಲ್ಲಿ ಔಷಧಿ ಹೊಡೆಯುವ ಕಾಲದ ಹಳೇ ಡ್ರಮ್ಮು ಬಿದ್ದಿರುತ್ತದೆ, ಪುಕ್ಕಟೆ ಸಿಗುತ್ತದಲ್ಲ ಅಂತ ಆಸೆಯಾಗುತ್ತದೆ. ಬೇಡ. ಎಷ್ಟು ಸುಟ್ಟರೂ ಬೇಡ. ಒಳಗಿನ ಜಾಲರಿಗೂ ಜಿಐ ಬೇಡ, ಸತುವಿನ ಲೇಪ ಬೆಂಕಿಯ ಹತ್ತಿರ ಇರಬಾರದು. ಸ್ಟೀಲ್ ಜಾಲರಿಗೆ ನಾಲ್ಕು ಕಾಸು ಹೆಚ್ಚು ಕೊಟ್ಟರೆ ಆಯಿತು. ಹೊರಗಡೆಗೆ ಬೈಕಿನ ಸೈಲೆನ್ಸರ್‌ಗೆ ಹೊಡೆಯುವ ಕಪ್ಪು ಪೇಂಟು ಸಾಕು. ವೆಲ್ಡಿಂಗ್ ಕೂಲಿ, ವಾಲ್ವು, ಥರ್ಮಾಮೀಟರು ಎಲ್ಲ ಸೇರಿ ನನಗೆ ಆರು ಸಾವಿರದೊಳಗೆ ಮುಗಿಯಿತು. ವಿದೇಶದಿಂದ ಬರುವ ರೆಡಿಮೇಡ್ ಸ್ಮೋಕರಿನ ಬೆಲೆಗೆ ನಾನು ತೋಟಕ್ಕೆ ಪಂಪ್‌ಸೆಟ್ ತರುತ್ತೇನೆ.

ಇದನ್ನು ಅಮೆರಿಕದವರು ಅಗ್ಲಿ ಡ್ರಮ್ ಸ್ಮೋಕರ್ ಅನ್ನುತ್ತಾರೆ. ನೋಡಲು ಹಾಗೇ ಇದೆ, ಆದರೆ ಕೆಲಸದಲ್ಲಿ ಹೆಸರಿಡುವಂತಿಲ್ಲ. ತಳದಿಂದ ಎರಡು ಇಂಚು ಮೇಲೆ ಗಾಳಿಯ ತೂತುಗಳು, ಅದರ ಮೇಲೆ ಇದ್ದಿಲಿನ ಬುಟ್ಟಿ, ಬುಟ್ಟಿಯಿಂದ ಎರಡಡಿ ಎತ್ತರದಲ್ಲಿ ಬಾಡು ಇಡುವ ಜಾಲರಿ, ಮೇಲೆ ಹೊಗೆ ಹೋಗುವ ದಾರಿ. ಬೆಂಕಿಗೆ ಸಿಗುವ ಗಾಳಿ ಎಷ್ಟೋ ಅಷ್ಟೇ ಕಾವು. ಬೇರೆ ಮರ್ಮವಿಲ್ಲ.

ನನಗೆ ನಿಜವಾಗಿ ಖುಷಿ ಕೊಡುವುದು ಬೆಳಗಿನ ಹೊತ್ತು ಹಚ್ಚುವ ಕೆಲಸ. ಬುಟ್ಟಿ ತುಂಬ ಇದ್ದಿಲು ಸುರಿದು ನಡುವೆ ಒಂದು ಗುಳಿ ಬಿಡುತ್ತೇನೆ. ತೆಂಗಿನ ಚಿಪ್ಪಿನ ಇದ್ದಿಲು ಒಳ್ಳೇ ಕಾವು ಕೊಡುತ್ತದೆ, ಬೂದಿ ಕಡಿಮೆ, ಆದರೆ ಚಪ್ಪಟೆ ಚೂರುಗಳು ಒಂದರ ಮೇಲೊಂದು ಕೂತು ಗಾಳಿ ಕಟ್ಟುತ್ತವೆ. ಅದಕ್ಕೆ ಇಸ್ತ್ರಿಯವರು ಬಳಸುವ ಮರದ ಇದ್ದಿಲನ್ನು ಅರ್ಧಕ್ಕರ್ಧ ಬೆರೆಸಬೇಕು. ನಡುನಡುವೆ ಮುಷ್ಟಿ ಗಾತ್ರದ ಕಾಫಿ ಕಟ್ಟಿಗೆ ಹುದುಗಿಸುತ್ತೇನೆ. ಅರೇಬಿಕಾ ತೋಟ ಇರುವವರಿಗೆ ಕಟ್ಟಿಗೆಗೆ ಬರವಿಲ್ಲ. ಬಿಳಿ ಕಾಂಡಕೊರಕ ಹಿಡಿದ ಗಿಡವನ್ನು ಹೇಗೂ ಕಿತ್ತು ಸುಡಲೇಬೇಕು. ಹುಳ ತಿಂದ ನಷ್ಟದಲ್ಲಿ ಇಷ್ಟಾದರೂ ಬಾಯಿಗೆ ಬರಲಿ. ಸೀಬೆ ಕಟ್ಟಿಗೆಯೂ ಚೆನ್ನಾಗಿರುತ್ತದೆ, ಹಲಸಿನದ್ದೂ ಆದೀತು. ಹಸಿ ಕಟ್ಟಿಗೆ ಮಾತ್ರ ಯಾವ ಮರದ್ದೂ ಬೇಡ.

ಹಳೇ ಎಣ್ಣೆ ಡಬ್ಬದ ತಳಕ್ಕೆ ಮೊಳೆಯಲ್ಲಿ ತೂತು ಹೊಡೆದು ಇಟ್ಟುಕೊಂಡಿದ್ದೇನೆ. ಅದರಲ್ಲಿ ಒಂದಿಷ್ಟು ಇದ್ದಿಲನ್ನು ಬೇರೆಯಾಗಿ ಹೊತ್ತಿಸಿ, ಮೇಲಿನ ಚೂರುಗಳ ಅಂಚಿಗೆ ಬಿಳಿ ಬೂದಿ ಕಟ್ಟಿದ ಕೂಡಲೇ ಬುಟ್ಟಿಯ ಗುಳಿಗೆ ಸುರಿಯುವುದು. ಹಚ್ಚದ ಇದ್ದಿಲಿನ ಮೇಲೆ ಕೆಂಡ ಇಡುವ ಈ ಕ್ರಮಕ್ಕೆ ಅಮೆರಿಕದ ಜಿಮ್ ಮಿನಿಯನ್ ಎಂಬುವರ ಹೆಸರು ಅಂಟಿಕೊಂಡಿದೆ. ಕೆಂಡ ಪಕ್ಕದ ಚೂರನ್ನು, ಆ ಚೂರು ಇನ್ನೊಂದನ್ನು ಹೊತ್ತಿಸುತ್ತ ಹೋಗುತ್ತದೆ, ಒಂದೇ ಸಲಕ್ಕೆ ಬುಟ್ಟಿಯೆಲ್ಲ ಉರಿಯುವುದಿಲ್ಲ. ಮೊದಲು ದಟ್ಟ ಬಿಳಿ ಹೊಗೆ ಬರುತ್ತದೆ, ಕಣ್ಣು ಉರಿಯುತ್ತದೆ. ಆಗ ಬಾಡು ಇಟ್ಟರೆ ತಿನ್ನುವಾಗ ನಾಲಿಗೆಗೆ ಕಹಿ. ಹೊಗೆ ತೆಳುವಾಗಿ, ಕಂಡೂ ಕಾಣದ ಹಾಗೆ ನೀಲಿಯಾಗುವ ತನಕ ಒಂದು ಲೋಟ ಕಾಫಿ ಕುಡಿಯಬಹುದು. ಆಮೇಲೆ ತಳದ ಮೂರು ತೂತು ಮುಚ್ಚಿ, ಉಳಿದ ಒಂದರ ವಾಲ್ವನ್ನು ಅರ್ಧ ತೆರೆದಿಟ್ಟರೆ ಥರ್ಮಾಮೀಟರಿನ ಮುಳ್ಳು 110ರಿಂದ 130 ಡಿಗ್ರಿ ಸೆಲ್ಸಿಯಸ್ ನಡುವೆ ಕೂತುಬಿಡುತ್ತದೆ. ನಾನು ತೋಟಕ್ಕೆ ಹೋಗಿ, ಕೆಲಸದವರಿಗೆ ಹೇಳುವುದು ಹೇಳಿ, ಬಂದು ನೋಡಿದರೂ ಅಲ್ಲೇ ಕೂತಿರುತ್ತದೆ. ಮನೆಯಲ್ಲಿ ಬೇರೆ ಯಾವುದೂ ಇಷ್ಟು ಮಾತು ಕೇಳುವುದಿಲ್ಲ.

ಒಂದು ಎಚ್ಚರ: ತಗಡಿನ ಮೇಲೆ ಕೂರಿಸಿದ ಥರ್ಮಾಮೀಟರಿನ ಮುಳ್ಳು ಹೇಳುವುದು ಪಕ್ಕದ ಕಾವನ್ನು. ಜಾಲರಿಯ ನಡುವೆ ಅದಕ್ಕಿಂತ ಹೆಚ್ಚಿರುತ್ತದೆ. ಬಾಡಿಗೆ ಚುಚ್ಚುವ ಥರ್ಮಾಮೀಟರ್ ಬೇರೆ ಇಟ್ಟುಕೊಳ್ಳಿ, ಅದರಲ್ಲಿ ಜುಗ್ಗತನ ಬೇಡ.

ನಾವು ಹೆಚ್ಚಾಗಿ ಮಾಡುವುದು ಹಂದಿಯ ಮುಂಭುಜ. ಅದನ್ನು ಇಡಿಯಾಗಿ ತರುವುದೇ ಒಂದು ಸಾಹಸ. ನಮ್ಮ ಕಡೆ ಹುಲ್ಲಿನ ಬೆಂಕಿಯಲ್ಲಿ ರೋಮ ಸುಟ್ಟು, ತೊಗಲು ಹೆರೆದು, ಮೂಳೆ ಸಮೇತ ಸಾರಿನ ತುಂಡು ಮಾಡಿಯೇ ತಕ್ಕಡಿಗೆ ಹಾಕುವುದು ರೂಢಿ. ಇಡೀ ಭುಜ ಕೊಡಿ ಅಂದರೆ ಕತ್ತಿ ಹಿಡಿದವರ ಕೈ ಗಾಳಿಯಲ್ಲೇ ನಿಲ್ಲುತ್ತದೆ. ‘ಸಾರಿಗಾ ಸಾರ್?’ ಅಲ್ಲ ಅಂದರೆ ‘ಮತ್ತೆ?’ ಈಗ ಹೋಗುವ ಮುಂಚಿನ ದಿನವೇ ಫೋನ್ ಮಾಡಿ ಹೇಳಿಡುತ್ತೇನೆ. ತೊಗಲು ತೆಗೆದು, ಉಪ್ಪು, ನಮ್ಮದೇ ಬಳ್ಳಿಯ ಕರಿಮೆಣಸು, ಸ್ವಲ್ಪ ಬೆಲ್ಲದ ಪುಡಿ ಹಚ್ಚಿ ರಾತ್ರಿಯೆಲ್ಲ ಇಡುವುದು. ಮಸಾಲೆ ಜಾಸ್ತಿ ಮಾಡಿದರೆ ಹೊಗೆಯ ರುಚಿ ಗೊತ್ತಾಗುವುದಿಲ್ಲ. ಡ್ರಮ್ಮಿನಲ್ಲಿ ಕೊಬ್ಬು ಕರಗಿ ನೇರ ಕೆಂಡದ ಮೇಲೆ ತೊಟ್ಟಿಕ್ಕುತ್ತದೆ, ಅದರ ಹೊಗೆ ಮತ್ತೆ ಬಾಡಿಗೇ ಹತ್ತುತ್ತದೆ. ಬೆಂಕಿ ಪಕ್ಕದ ಪೆಟ್ಟಿಗೆಯಲ್ಲಿರುವ ಸ್ಮೋಕರುಗಳಲ್ಲಿ ಈ ಸುಖ ಇಲ್ಲ.

ಮೂರು ನಾಲ್ಕು ಕೆಜಿಯ ಭುಜಕ್ಕೆ ಏಳೆಂಟು ಗಂಟೆ ಬೇಕು. ಒಳಗಿನ ಬಿಸಿ 65–70 ಡಿಗ್ರಿಗೆ ಬಂದು ಅಲ್ಲೇ ಗಂಟೆಗಟ್ಟಲೆ ನಿಂತುಬಿಡುತ್ತದೆ. ಬೆಂಕಿ ಆರಿತೇನೋ ಅಂತ ಗಾಬರಿ ಬೇಡ. ಬಾಡಿನ ಮೈಮೇಲಿನ ನೀರು ಆವಿಯಾಗುತ್ತ ಅದನ್ನು ತಣ್ಣಗಿಡುತ್ತಿರುತ್ತದೆ, ನಮ್ಮ ಮೈ ಬೆವರಿದ ಹಾಗೆ. ವಿಡಿಯೊದವರು ಆ ಹೊತ್ತಿಗೆ ಫಾಯಿಲ್ ಅಥವಾ ಕಂದು ಕಾಗದ ಸುತ್ತುತ್ತಾರೆ. ನಾನು ಕೆಂಡದ ಮೇಲೆ ಬಾಡಿಸಿದ ಬಾಳೆ ಎಲೆ ಎರಡು ಪದರ ಸುತ್ತಿ ಬಾಳೆ ನಾರಲ್ಲೇ ಕಟ್ಟುತ್ತೇನೆ. ಫಾಯಿಲಿನಲ್ಲಿ ಹೊರಗಿನ ಕರಿ ಪದರ ಮೆತ್ತಗಾಗಿ ಹೋಗುತ್ತದೆ, ಎಲೆಯಲ್ಲಿ ಅಷ್ಟು ಆಗುವುದಿಲ್ಲ. 93–95 ಡಿಗ್ರಿ ತಲುಪಿದಾಗ ಗಟ್ಟಿ ನರವೆಲ್ಲ ಕರಗಿ ಅಂಟಾಗಿರುತ್ತದೆ, ಮೂಳೆ ಹಿಡಿದು ಎಳೆದರೆ ಕೈಗೆ ಬರುತ್ತದೆ. ಬಿಸಿ ಅಕ್ಕಿರೊಟ್ಟಿ, ಬಿಡಿಸಿದ ಬಾಡು, ಮೇಲೆ ನಿಂಬೆಹಣ್ಣು. ಇಷ್ಟರ ತನಕ ಐದಕ್ಕೆ ಐದು ಸ್ಟಾರು.

ಈಗ ಮುಚ್ಚಳ.

ಡ್ರಮ್ಮಿನ ಜೊತೆಗೇ ಬಂದ ಮುಚ್ಚಳ ಚಪ್ಪಟೆ. ಬೇಸಿಗೆಯಲ್ಲಿ ಇದು ಕಷ್ಟ ಕೊಡಲಿಲ್ಲ. ಮಳೆ ಹಿಡಿದ ಮೇಲೆ ಗೊತ್ತಾಯಿತು. ಸೂರಿನಡಿ ಇಟ್ಟರೂ ಗಾಳಿ ತಣ್ಣಗಿರುತ್ತದೆ, ಎರಚಲು ಬೀಳುತ್ತದೆ, ಮುಚ್ಚಳದ ತಗಡು ತಣ್ಣಗಾಗುತ್ತದೆ. ಬಾಡಿನ ನೀರು, ಕಟ್ಟಿಗೆಯ ನೀರು ಎಲ್ಲ ಆವಿಯಾಗಿ ಮೇಲೆ ಹೋಗಿ ಆ ತಗಡಿಗೆ ತಾಗಿ ಹನಿಗಟ್ಟುತ್ತದೆ. ಬರೀ ನೀರಾಗಿದ್ದರೆ ಸುಮ್ಮನಿರುತ್ತಿದ್ದೆ. ಮುಚ್ಚಳಕ್ಕೆ ಕಟ್ಟಿದ ಹೊಗೆಯ ಡಾಂಬರನ್ನು ಕರಗಿಸಿಕೊಂಡು ಕಪ್ಪು ಹನಿಯಾಗಿ, ಚಪ್ಪಟೆ ತಗಡಾದ್ದರಿಂದ ಅಂಚಿಗೆ ಹರಿಯದೆ, ನಟ್ಟನಡುವೆ, ಸರಿಯಾಗಿ ಬಾಡಿನ ಮೇಲೆ ಬೀಳುತ್ತದೆ. ಎಂಟು ಗಂಟೆ ಕಾದು ತೆಗೆದ ಭುಜದ ಮೇಲೆ ಕರಿ ಚುಕ್ಕೆಗಳು. ಚುಕ್ಕೆ ಇದ್ದಲ್ಲಿ ಬಾಯಿಗಿಟ್ಟರೆ ಬೇವಿನ ಕಹಿ, ಜೊತೆಗೆ ನಾಲಿಗೆ ಜೋಮು. ಮಲೆನಾಡಿನಲ್ಲಿ ಇಂಥದ್ದನ್ನು ತಿನ್ನಬೇಕು ಅನ್ನಿಸುವುದೇ ಮಳೆಗಾಲದಲ್ಲಿ. ಬೇಕಾದ ಹೊತ್ತಿಗೇ ಕೈಕೊಡುವ ಸಾಮಾನು ಯಾಕೆ ಅಂತ ಒಂದು ಇಡೀ ಆಗಸ್ಟ್ ಅದನ್ನು ಮೂಲೆಗೆ ತಳ್ಳಿದ್ದೆ.

ಎರಡನೇ ತಕರಾರು ಮುಚ್ಚಳದ್ದೋ ಜನರದ್ದೋ ಹೇಳಲಾರೆ. ಕ್ಲಾಂಪ್ ಬಿಚ್ಚಿ ಮುಚ್ಚಳ ಎತ್ತಿದರೆ ಗಾಳಿ ನುಗ್ಗುತ್ತದೆ, ಅಲ್ಲಿಯವರೆಗೆ ಸುಮ್ಮನಿದ್ದ ಇದ್ದಿಲೆಲ್ಲ ಕೆಂಪಾಗುತ್ತದೆ. ಮತ್ತೆ ಮುಚ್ಚಿದರೂ ಮುಳ್ಳು ಏರುತ್ತಲೇ ಹೋಗುತ್ತದೆ, ಇಳಿಸಲು ಅರ್ಧ ಗಂಟೆ ಒದ್ದಾಡಬೇಕು. ಇದನ್ನು ನೆಂಟರಿಗೆ ಹೇಳಿ ನೋಡಿ. ನಮ್ಮ ಭಾವ ಅಂಗಳಕ್ಕೆ ಕಾಲಿಟ್ಟವರೇ ಕೈ ತೊಳೆಯುವ ಮುಂಚೆ ಮುಚ್ಚಳಕ್ಕೆ ಕೈ ಹಾಕುತ್ತಾರೆ. ‘ಭಾವ, ಬೇಡಿ’ ಅಂದರೆ ‘ಏಯ್, ಬೆಂದಿದೆಯಾ ನೋಡ್ಬೇಕಲ್ವೇನೋ’ ಅನ್ನುತ್ತಾರೆ. ನೋಡಿ ಆದ ಮೇಲೆ, ಕೊಯ್ದು ಬಡಿಸಿದರೆ ಅಂಚಿನ ಗುಲಾಬಿ ಬಣ್ಣ ತೋರಿಸಿ ‘ಇದು ಹಸಿ’ ಅಂತ ತಟ್ಟೆ ಪಕ್ಕಕ್ಕೆ ಸರಿಸುತ್ತಾರೆ. ಅದು ಹಸಿಯಲ್ಲ. ಹೊಗೆಯಲ್ಲಿರುವ ನೈಟ್ರಿಕ್ ಆಕ್ಸೈಡು ಬಾಡಿಗೆ ಕೆಂಪು ಬಣ್ಣ ಕೊಡುವ ಮಯೊಗ್ಲೋಬಿನ್ ಜೊತೆ ಸೇರಿ ಆ ಬಣ್ಣವನ್ನು ಹಾಗೇ ಹಿಡಿದಿಡುತ್ತದೆ. ಬಣ್ಣ ನೋಡಿ ಬೆಂದದ್ದು ತೀರ್ಮಾನಿಸುವ ಹಾಗಿಲ್ಲ, ಥರ್ಮಾಮೀಟರ್ ಚುಚ್ಚಿಯೇ ನೋಡಬೇಕು. ಭಾವನಿಗೆ ಈಗ ಥರ್ಮಾಮೀಟರನ್ನೇ ಕೈಗೆ ಕೊಟ್ಟುಬಿಡುತ್ತೇನೆ.

ಹನಿಯ ಕಾಟಕ್ಕೆ ಪರಿಹಾರ ಸಿಕ್ಕಿದ್ದು ಮದುವೆ ಅಡಿಗೆಯವರ ಶೆಡ್ಡಿನಲ್ಲಿ. ಅಮೆರಿಕದವರು ದುಂಡನೆಯ ಕೆಟಲ್ ಗ್ರಿಲ್ಲಿನ ಮುಚ್ಚಳ ತಂದು ಕೂರಿಸುತ್ತಾರಂತೆ, ಅದರ ಬೆಲೆಗೆ ಇನ್ನೆರಡು ಡ್ರಮ್ಮು ಬರುತ್ತವೆ. ಇಲ್ಲಿ ಒಂದು ಹಳೇ ಕಬ್ಬಿಣದ ಕಡಾಯಿ, ಹಿಡಿ ಒಂದು ಕಡೆ ಮುರಿದದ್ದು, ತೂಕಕ್ಕೆ ಹಾಕಲು ಇಟ್ಟಿದ್ದರು. ಡ್ರಮ್ಮಿನ ಬಾಯಿ ಸುಮಾರು 57 ಸೆಂಟಿಮೀಟರು, ಕಡಾಯಿಯ ಬಾಯಿ ಅದಕ್ಕಿಂತ ನಾಲ್ಕು ಬೆರಳು ದೊಡ್ಡದು. ಗುಜರಿ ರೇಟಿಗೇ ಕೊಂಡು ಕವುಚಿ ಹಾಕಿದೆ. ನೆತ್ತಿಯಲ್ಲಿ ತೂತು ಕೊರೆಸಿ ಎರಡಿಂಚಿನ ಹೊಗೆ ಕೊಳವೆ, ಪಕ್ಕದಲ್ಲಿ ಮರದ ಹಿಡಿ. ಡ್ರಮ್ಮಿನ ಅಂಚಿಗೆ ಕೂರುವ ಜಾಗದಲ್ಲಿ ಸಂದು ಮುಚ್ಚಲು ಗ್ಲಾಸ್ ಫೈಬರ್ ಹಗ್ಗ ಹಾಕಿಸಿದ್ದೇನೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಮೊದಲು ತೋರಿಸುವುದು ಆಸ್ಬೆಸ್ಟಾಸ್ ಹಗ್ಗ, ಅದು ಬೇಡವೇ ಬೇಡ. ಈಗ ಹನಿ ಕಟ್ಟುವುದು ನಿಂತಿಲ್ಲ, ಆದರೆ ಕಡಾಯಿಯ ಒಳಮೈ ಹಿಡಿದು ಜಾರಿ ಅಂಚಿಗೆ ಹೋಗುತ್ತದೆ. ಡ್ರಮ್ಮಿನ ಹೊರಗೆ ಕರಿ ಗೆರೆಗಳು ಮೂಡುತ್ತವೆ, ಬಾಡಿನ ಮೇಲೆ ಬೀಳುವುದಿಲ್ಲ. ದಪ್ಪ ಕಬ್ಬಿಣವಾದ್ದರಿಂದ ಎರಚಲಿಗೆ ಬೇಗ ತಣ್ಣಗಾಗುವುದೂ ಇಲ್ಲ. ಇನ್ನೊಂದು ಲಾಭ ನಾನು ಎಣಿಸಿರಲಿಲ್ಲ: ಕಡಾಯಿ ಎಷ್ಟು ಭಾರವೆಂದರೆ ಭಾವ ಒಂದೇ ಕೈಯಲ್ಲಿ ಎತ್ತಲಾರರು.

ಅದಾದ ಮೇಲೆ ಡ್ರಮ್ಮಿನ ಮೇಲಿನ ಸಿಟ್ಟು ಇಳಿದಿದೆ. ಮುಗಿದ ಕೂಡಲೇ ಎಲ್ಲ ತೂತು, ಹೊಗೆ ಕೊಳವೆ ಮುಚ್ಚಿದರೆ ಬೆಂಕಿ ತಾನೇ ಆರುತ್ತದೆ, ಉಳಿದ ಇದ್ದಿಲು ಮುಂದಿನ ಸಲಕ್ಕೆ. ಆರುವ ಮುಂಚಿನ ಆ ಕಾವಿಗೆ ಇಡೀ ಬೆಳ್ಳುಳ್ಳಿ ಗಡ್ಡೆ, ಬದನೆಕಾಯಿ, ಹಸಿಮೆಣಸು ಇಟ್ಟುಬಿಡುತ್ತೇವೆ. ಮರುದಿನದ ಕಡುಬಿಗೆ ಆ ಬದನೆಕಾಯಿ ಗೊಜ್ಜು ಇದ್ದರೆ ಮನೆಯಲ್ಲಿ ಬಾಡು ತಿನ್ನದವರೂ ಡ್ರಮ್ಮಿನ ಪರ ಮಾತಾಡುತ್ತಾರೆ.

ಕೆಲವರು ಕೇಳುವುದುಂಟು, ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಿದ ಬಾಡಿನ ಹಾಗೆ ಇದನ್ನೂ ತಿಂಗಳುಗಟ್ಟಲೆ ಇಡಬಹುದಾ ಅಂತ. ಇಡುವ ಹಾಗಿಲ್ಲ. ಅಲ್ಲಿ ಉಪ್ಪು ಹಾಕಿ ಸಣ್ಣ ಹೊಗೆಯಲ್ಲಿ ದಿನಗಟ್ಟಲೆ ನೀರು ಆರಿಸುತ್ತಾರೆ. ಇಲ್ಲಿ ಬೇಯಿಸುತ್ತೇವೆ, ಒಳಗೆಲ್ಲ ರಸ ಇರುತ್ತದೆ. ಫ್ರಿಜ್‌ನಲ್ಲಿಟ್ಟು ಮೂರು ದಿನದಲ್ಲಿ ತಿಂದು ಮುಗಿಸಿ. ಇನ್ನೊಂದು ಮಾತು ತೋಟದವರಿಗೆ: ಮಳೆ ಅಂತ ಡ್ರಮ್ಮನ್ನು ಗೋಡೌನಿನೊಳಗೆ ಹಚ್ಚಬೇಡಿ. ಇದ್ದಿಲಿನ ಹೊಗೆ ಮುಚ್ಚಿದ ಕೋಣೆಯಲ್ಲಿ ಪ್ರಾಣಕ್ಕೇ ಅಪಾಯ. ಅದೂ ಅಲ್ಲದೆ ಕಾಫಿ ಬೀಜ ಅಕ್ಕಪಕ್ಕದ ವಾಸನೆಯನ್ನೆಲ್ಲ ಹೀರಿಕೊಳ್ಳುತ್ತದೆ, ಆಮೇಲೆ ಕಾಫಿ ಕೊಳ್ಳುವವರ ಹತ್ತಿರ ನೀವು ಏನು ಹೇಳಿದರೂ ನಡೆಯುವುದಿಲ್ಲ. ಸುತ್ತ ಗೋಡೆಯಿಲ್ಲದ ಸೂರು ಸಾಕು.

ತಳಕ್ಕೆ ತುಕ್ಕು ಹಿಡಿದಿದೆ. ಬೂದಿ ತೇವ ಹೀರಿಕೊಂಡು ತಗಡಿಗೆ ಅಂಟಿ ಕೂರುತ್ತದೆ, ಕೆಳಗಿಂದ ತಿನ್ನುತ್ತ ಬರುತ್ತದೆ. ಪ್ರತಿ ಸಲ ಬೂದಿ ತೆಗೆದು, ಒಳಗೆ ಎಣ್ಣೆ ಬಟ್ಟೆ ಎಳೆದರೆ ಇನ್ನೂ ಕೆಲವು ವರ್ಷ ಬಂದೀತು. ಗುಜರಿಯವರಿಗೆ ಇನ್ನೊಂದು ಪಲ್ಪ್ ಡ್ರಮ್ಮು ಬಂದರೆ ತೆಗೆದಿಡಿ ಅಂತ ಹೇಳಿದ್ದೇನೆ. ಅಳತೆಗೆ ಕಡಾಯಿ ಹೊತ್ತುಕೊಂಡೇ ಹೋಗುವುದು. ಮುಚ್ಚಳ ಅವರೇ ಇಟ್ಟುಕೊಳ್ಳಲಿ.