ದೊಡ್ಡ ಲ್ಯಾಬೋ, ಚಿಕ್ಕ ಲ್ಯಾಬೋ?

ಜೈವಿಕ ಎಂಜಿನಿಯರಿಂಗ್ ಪಿಎಚ್‌ಡಿಗೆ 30 ಜನರ ಲ್ಯಾಬೋ, ಐದು ಜನರದ್ದೋ ಎಂದು ಕೇಳಿದ್ದೀರಿ. ಕಲಿಸುವವರು ಯಾರು ಎಂಬುದನ್ನು ಮೊದಲು ನೋಡಿ. ದೊಡ್ಡದರಲ್ಲಿ ಪ್ರಾಧ್ಯಾಪಕರು ಹೆಚ್ಚಾಗಿ ಅತಿಥಿಗಳು. ಪಿಪೆಟ್ ಹಿಡಿಯಲು ಕಲಿಸುವವರು ಪೋಸ್ಟ್‌ಡಾಕ್‌ಗಳು, ಅಂದರೆ ಪಿಎಚ್‌ಡಿ ಮುಗಿಸಿ ಅಲ್ಲಿ ಸಂಶೋಧನೆ ಮಾಡುತ್ತಿರುವವರು. ಚಿಕ್ಕದರಲ್ಲಿ ಪ್ರಾಧ್ಯಾಪಕರೇ ಪಕ್ಕದಲ್ಲಿರುತ್ತಾರೆ. ಹೊಂದಿಕೆಯಾಗದಿದ್ದರೆ ತಪ್ಪಿಸಿಕೊಳ್ಳಲು ಜಾಗವಿಲ್ಲ.

ಉಪಕರಣಗಳು ದೊಡ್ಡದರಲ್ಲಿ ಹೆಚ್ಚು, ಸರತಿಯೂ ಉದ್ದ.

ಜೀವಕೋಶಗಳಿಗೆ ಭಾನುವಾರ ಗೊತ್ತಿಲ್ಲ. 37 ಡಿಗ್ರಿಯ ಇನ್‌ಕ್ಯುಬೇಟರ್‌ನಲ್ಲಿ ಅವು ಬೆಳೆಯುವ ಕೆಂಪು ಪೋಷಕ ದ್ರವ (ಮಾಧ್ಯಮ) ಹಳದಿಗೆ ತಿರುಗತೊಡಗಿದರೆ ಬದಲಿಸಲೇಬೇಕು. ದೊಡ್ಡ ಗುಂಪಿನಲ್ಲಿ ಆ ಕೆಲಸಕ್ಕೆ ಯಾರಾದರೂ ಸಿಗುತ್ತಾರೆ. ಚಿಕ್ಕದರಲ್ಲಿ ಆ ‘ಯಾರಾದರೂ’ ಬಹುಪಾಲು ನೀವೇ.

ಸ್ವಂತ ಪ್ರಶ್ನೆ ಹೊತ್ತು ಬರುವವರಿಗೆ ದೊಡ್ಡದು ಸರಿ. ಮೆಕ್ಯಾನಿಕಲ್ ಓದಿ ಮೊದಲ ಬಾರಿ ಜೀವಕೋಶ ಮುಟ್ಟುವವರಿಗೆ ಚಿಕ್ಕದೇ ಲೇಸು ಎನ್ನುತ್ತೇನೆ. ಎರಡಕ್ಕೂ ಭೇಟಿ ಕೊಟ್ಟಾಗ ಸಿಂಕಿನತ್ತ ಕಣ್ಣು ಹಾಯಿಸಿ: ವಾರಸುದಾರರಿಲ್ಲದ ಬೀಕರ್‌ಗಳು ಎಷ್ಟಿವೆ?