‘ಸಿನಿಮಾ ಪ್ಯಾರಡೀಸೊ’: ಕಳಿಸಿಕೊಟ್ಟವರ ಕತೆ

ಡಿಸೆಂಬರಿನಲ್ಲಿ ಅಡಿಕೆ ಕೊಯ್ಲಿಗೆ ಅಂತ ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಗೆ ಹೋಗಿದ್ದೆ. ಒಂದು ರಾತ್ರಿ, ಸುಲಿಯುವವರೆಲ್ಲ ಮೆಟ್ಟುಗತ್ತಿ ಎತ್ತಿಟ್ಟು ಹೊರಟ ಮೇಲೆ, ಊಟ ಮುಗಿಸಿ, ಲ್ಯಾಪ್‌ಟಾಪನ್ನು ಟಿವಿಗೆ ಸಿಕ್ಕಿಸಿ ‘ಸಿನಿಮಾ ಪ್ಯಾರಡೀಸೊ’ ಹಾಕಿದೆ. ನಾನು ಇದನ್ನ ನೋಡ್ತಾ ಇದ್ದದ್ದು ನಾಲ್ಕನೇ ಸಲ. ಅಮ್ಮ, ಅಪ್ಪಯ್ಯನ ಜೊತೆ ಕೂತು ನೋಡಿದ್ದು ಮಾತ್ರ ಮೊದಲನೇ ಸಲ. ಹಿಂದಿನ ಮೂರು ಸಲ ಕಣ್ಣಿಗೆ ಬೀಳದೇ ಇದ್ದದ್ದು ಅವತ್ತು ಬಿತ್ತು. ಕತೆಯನ್ನ ಪೂರ್ತಿ ಹೇಳಿಬಿಡ್ತೀನಿ, ಹೇಳದೆ ಇದರ ಬಗ್ಗೆ ಬರೆಯೋಕೆ ನನಗೆ ಬರಲ್ಲ. ಏನೂ ಗೊತ್ತಿಲ್ಲದೆ ನೋಡಬೇಕು ಅನ್ನೋರು ಮೊದಲು ಸಿನಿಮಾ ನೋಡಿ ಬನ್ನಿ.

ಇಟಲಿಯ ಸಿನಿಮಾ. ಬಂದದ್ದು 1988ರಲ್ಲಿ. ನಿರ್ದೇಶಕ ಜುಸೆಪ್ಪೆ ತೊರ್ನತೋರೆ ಸಿಸಿಲಿ ದ್ವೀಪದ ಬಗೇರಿಯಾ ಎನ್ನುವ ಊರಿನವರು, ಆಗ ಅವರಿಗೆ ಬರೀ 32 ವರ್ಷ. ಕತೆ ನಡೆಯೋದೂ ಸಿಸಿಲಿಯ ಒಂದು ಸಣ್ಣ ಊರಿನಲ್ಲೇ, ಎರಡನೇ ಮಹಾಯುದ್ಧ ಮುಗಿದ ಹೊಸತರಲ್ಲಿ. ಊರಿಗೊಂದು ಚೌಕ, ಚೌಕದಲ್ಲೊಂದು ಟಾಕೀಸು, ಅದರ ಹೆಸರು ಪ್ಯಾರಡೀಸೊ. ತೊತೊ ಅನ್ನೋ ಹುಡುಗನ ಅಪ್ಪ ರಷ್ಯಾದ ಕಡೆ ಯುದ್ಧಕ್ಕೆ ಹೋದವನು ವಾಪಸ್ ಬಂದಿಲ್ಲ. ಅಮ್ಮ ಮಾರಿಯಾ, ಒಬ್ಬಳು ತಂಗಿ, ಜಾಸ್ತಿ ದುಡ್ಡಿಲ್ಲದ ಮನೆ. ಹುಡುಗ ಯಾವಾಗ ನೋಡಿದರೂ ಟಾಕೀಸಿನ ಪ್ರೊಜೆಕ್ಟರ್ ಕೋಣೆಯಲ್ಲಿ. ಅಲ್ಲಿ ರೀಲು ಓಡಿಸುವ ಅಲ್ಫ್ರೆದೊ ಅವನನ್ನ ಬೈದು ಓಡಿಸ್ತಾನೆ, ಅವನು ಮತ್ತೆ ಬರ್ತಾನೆ. ಕೊನೆಗೆ ಕೆಲಸ ಕಲಿಸಿಕೊಡ್ತಾನೆ.

ಊರಿನ ಪಾದ್ರಿ ಪ್ರತಿ ಸಿನಿಮಾವನ್ನೂ ಮೊದಲು ತಾನೊಬ್ಬನೇ ಕೂತು ನೋಡ್ತಾನೆ. ಪರದೆ ಮೇಲೆ ಮುತ್ತು ಕೊಡೋದು ಬಂತು ಅಂದರೆ ಕೈಯಲ್ಲಿರೋ ಗಂಟೆ ಅಲ್ಲಾಡಿಸ್ತಾನೆ. ಅಲ್ಫ್ರೆದೊ ಅಲ್ಲಿಗೊಂದು ಕಾಗದದ ಚೂರು ಸಿಕ್ಕಿಸಿ ಆಮೇಲೆ ಅಷ್ಟನ್ನ ಕತ್ತರಿಸಿ ತೆಗೀತಾನೆ. ಆ ತುಂಡುಗಳನ್ನೆಲ್ಲ ನನಗೆ ಕೊಡು ಅಂತ ತೊತೊ ಕಾಡಿದಾಗ, ಅವು ನಿನ್ನವೇ, ಆದರೆ ಇಟ್ಟುಕೊಳ್ಳೋದು ನಾನು ಅಂತಾನೆ ಅಲ್ಫ್ರೆದೊ. ಈ ಮಾತನ್ನ ನೆನಪಿಟ್ಟುಕೊಂಡಿರಿ.

ಇಂಗ್ಲಿಷ್ ಸಬ್‌ಟೈಟಲ್ ಅಮ್ಮನಿಗೆ ಓದೋಕೆ ಬರಲ್ಲ. ನಾನು ಪಕ್ಕದಲ್ಲಿ ಕೂತು ಕನ್ನಡದಲ್ಲಿ ಹೇಳ್ತಾ ಹೋದೆ. ಅರ್ಧ ಗಂಟೆ ಆಗೋ ಹೊತ್ತಿಗೆ, ಸುಮ್ನಿರು ಮಾರಾಯ, ಗೊತ್ತಾಗುತ್ತೆ ಅಂದಳು. ಹಾಲು ತರೋಕೆ ಕೊಟ್ಟ ದುಡ್ಡಲ್ಲಿ ತೊತೊ ಸಿನಿಮಾ ನೋಡಿಬಿಡುವ ದೃಶ್ಯ ಬಂದಾಗಲೂ ನಾನು ಬಾಯಿ ಬಿಡಬೇಕಾಗಿ ಬರಲಿಲ್ಲ. ತಾಯಿ ಬೀದಿಯಲ್ಲೇ ಹುಡುಗನಿಗೆ ಹೊಡೀತಾಳೆ. ಅಲ್ಫ್ರೆದೊ ಬಂದು, ಇವನನ್ನ ಒಳಗೆ ಬಿಟ್ಟಿದ್ದು ಪುಕ್ಕಟೆ, ದುಡ್ಡು ಟಾಕೀಸಿನಲ್ಲಿ ಬೀಳಿಸಿಕೊಂಡಿರಬೇಕು ಅಂತ ಸುಳ್ಳು ಹೇಳಿ, ತನ್ನ ಜೇಬಿನ ದುಡ್ಡನ್ನೇ ಸಿಕ್ಕಿದ್ದು ಅಂತ ಕೊಡ್ತಾನೆ. ಅಮ್ಮ ‘ಪಾಪ’ ಅಂದಳು. ಯಾರಿಗೆ ಅಂದದ್ದು ಅಂತ ನಾನು ಕೇಳಲಿಲ್ಲ. ಹೊಡೆದ ತಾಯಿಗೇ ಅಂದಿರಬೇಕು.

ಹಳ್ಳಿಯಲ್ಲಿ ಇಟಲಿ ಸಿನಿಮಾ ಯಾರಿಗೆ ಅರ್ಥ ಆಗುತ್ತೆ ಅಂತ ಬೆಂಗಳೂರಿನ ಗೆಳೆಯನೊಬ್ಬ ಕೇಳಿದ್ದ. ಮಲೆನಾಡಿಗೆ ಇದು ಹೊಸದೇನಲ್ಲ. ಸಾಗರದ ಹತ್ತಿರ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರು ನೀನಾಸಂ ಚಿತ್ರಸಮಾಜ ಶುರು ಮಾಡಿದ್ದು 1973ರಲ್ಲಿ. ತೋಟದ ಕೆಲಸ ಮುಗಿಸಿ ಬಂದ ಅಡಿಕೆ ಬೆಳೆಗಾರರು, ಕೂಲಿಯವರು, ಹೆಂಗಸರು, ಮಕ್ಕಳು ಜಪಾನಿನ, ಇಟಲಿಯ ಸಿನಿಮಾ ನೋಡಿದ್ದಾರೆ. ನಮ್ಮ ದೊಡ್ಡಪ್ಪ ಸಾಗರದ ಕಡೆಯವರು, ಅಲ್ಲಿ ನೋಡಿದ ಕಪ್ಪು ಬಿಳುಪಿನ ಸಿನಿಮಾಗಳ ಕತೆಯನ್ನ ಈಗಲೂ ಊಟಕ್ಕೆ ಕೂತಾಗ ಹೇಳ್ತಾರೆ, ಹೆಸರುಗಳು ಮರೆತಿವೆ, ಮುಖಗಳು ಮರೆತಿಲ್ಲ.

ಅಪ್ಪಯ್ಯನಿಗೆ ತುಂಬಾ ಹಿಡಿಸಿದ್ದು ಟಾಕೀಸಿನ ಒಳಗಿನ ಗಲಾಟೆ. ಮಗುವಿಗೆ ಹಾಲು ಕುಡಿಸುವ ತಾಯಿ, ಗೊರಕೆ ಹೊಡೆಯೋನು, ಮೇಲಿಂದ ಕೆಳಗಿನವರ ತಲೆಗೆ ಉಗುಳೋನು, ಪ್ರತಿ ಸಂಭಾಷಣೆಯನ್ನೂ ಮೊದಲೇ ಬಾಯಿಪಾಠ ಹೇಳ್ತಾ ಅಳೋನು. ಒಂದೇ ಸಿನಿಮಾದ ರೀಲನ್ನ ಎರಡು ಊರಿನಲ್ಲಿ ಓಡಿಸೋಕೆ ಸೈಕಲ್ಲಿನಲ್ಲಿ ಸಾಗಿಸ್ತಾರೆ. ಸೈಕಲ್ ಬರೋದು ತಡ ಆಗಿ ಜನ ಕೂಗಾಡ್ತಾರೆ. ಅಪ್ಪಯ್ಯನಿಗೆ ಟೂರಿಂಗ್ ಟಾಕೀಸು ನೆನಪಾಯಿತು. ಗದ್ದೆ ಕೊಯ್ಲು ಮುಗಿದ ಮೇಲೆ ಟೆಂಟು ಬರ್ತಿತ್ತಂತೆ, ಮಳೆಗಾಲಕ್ಕೆ ಮೊದಲು ಬಿಚ್ಚಿಕೊಂಡು ಹೋಗ್ತಿತ್ತಂತೆ. ಮೈಕಿನಲ್ಲಿ ದೇವರ ಹಾಡು ಕೇಳಿಸಿದರೆ ಇನ್ನೇನು ಆಟ ಶುರು ಅಂತ ಅರ್ಥ, ಆಗ ಗದ್ದೆ ಬದುವಿನ ಮೇಲೆ ಓಟ. ನೆಲದ ಟಿಕೆಟ್ಟಿನವರು ಮರಳನ್ನ ಗುಡ್ಡೆ ಮಾಡಿ ಅದರ ಮೇಲೆ ಕೂರೋರು. ಇದನ್ನೆಲ್ಲ ಹೇಳ್ತಾ ಹೇಳ್ತಾ ಹತ್ತು ನಿಮಿಷದ ಸಿನಿಮಾ ಕಳೆದೇ ಹೋಯಿತು. ಹಿಂದಕ್ಕೆ ಹಾಕಿ ಮತ್ತೆ ನೋಡಿದೆವು.

ಆಮೇಲೆ ಬೆಂಕಿ. ಆಗಿನ ಫಿಲ್ಮು ನೈಟ್ರೇಟಿನದ್ದು, ಕಿಡಿ ತಾಗಿದರೆ ಸಾಕು ಹತ್ತಿಕೊಂಡು ಉರಿಯೋದು. ಒಳಗೆ ಜಾಗ ಸಿಗದ ಜನರಿಗೆ ಅಂತ ಅಲ್ಫ್ರೆದೊ ಒಂದು ರಾತ್ರಿ ಕನ್ನಡಿಯಂಥ ಗಾಜಿನಿಂದ ಬೆಳಕನ್ನ ತಿರುಗಿಸಿ, ಚೌಕದ ಎದುರು ಮನೆಯ ಗೋಡೆ ಮೇಲೆ ಸಿನಿಮಾ ಬೀಳಿಸ್ತಾನೆ. ಇಡೀ ಸಿನಿಮಾದಲ್ಲಿ ಇಷ್ಟು ಚೆಂದದ ಗಳಿಗೆ ಇನ್ನೊಂದಿಲ್ಲ. ಬೆಳಕು ಕೋಣೆಯ ಗೋಡೆ ಮೇಲೆ ಮೆಲ್ಲಗೆ ಜಾರಿಕೊಂಡು ಕಿಟಕಿಯಿಂದ ಆಚೆ ಹೋಗುತ್ತೆ. ಅದೇ ರಾತ್ರಿ ರೀಲಿಗೆ ಬೆಂಕಿ ಬಿದ್ದು ಅಲ್ಫ್ರೆದೊನ ಕಣ್ಣು ಹೋಗುತ್ತೆ. ಅವನನ್ನ ಎಳೆದು ಉಳಿಸೋದು ಆ ಪುಟ್ಟ ಹುಡುಗ. ಲಾಟರಿ ಹೊಡೆದ ಊರಿನವನೊಬ್ಬ ಟಾಕೀಸನ್ನ ಮತ್ತೆ ಕಟ್ಟಿಸ್ತಾನೆ, ತೊತೊ ಶಾಲೆಗೆ ಹೋಗೋ ವಯಸ್ಸಿನಲ್ಲೇ ಅಲ್ಲಿ ರೀಲು ಓಡಿಸೋ ಕೆಲಸಕ್ಕೆ ನಿಲ್ತಾನೆ.

ನಟರ ಬಗ್ಗೆ ಒಂದು ಮಾತು. ಪುಟ್ಟ ತೊತೊ ಆಗಿರೋ ಸಾಲ್ವತೋರೆ ಕಾಶೊ ಸಿಸಿಲಿಯದೇ ಹುಡುಗ. ಅವನ ಕಣ್ಣು, ಹಲ್ಲು ಕಾಣುವ ನಗು ನೋಡೋಕೆ ಅಂತಲೇ ಮೊದಲ ಒಂದು ಗಂಟೆ ಹಾಕಬಹುದು. ಅಲ್ಫ್ರೆದೊ ಆಗಿರೋ ಫಿಲಿಪ್ ನುವಾರೆ ಫ್ರಾನ್ಸಿನವರು, ಇಟಾಲಿಯನ್ ದನಿ ಬೇರೆಯವರದ್ದು. ಗೊತ್ತಾದ ಮೇಲೂ ನನಗೆ ಅದು ಬೇರೆ ಬೇರೆ ಅನ್ನಿಸಲಿಲ್ಲ, ಅಷ್ಟು ಚೆನ್ನಾಗಿ ಆ ದೇಹ ಆ ಊರಿನದ್ದಾಗಿದೆ. ಕಣ್ಣು ಹೋದ ಮೇಲೆ ಅವರು ಜಾಸ್ತಿ ಏನೂ ಮಾಡಲ್ಲ. ಮುಖ ಸ್ವಲ್ಪ ಮೇಲಕ್ಕೆ ಎತ್ತಿ ಕೂತ್ಕೋತಾರೆ, ಅಷ್ಟೇ.

ನಡುವಿನ ಭಾಗದ ಬಗ್ಗೆ ನನಗೆ ತಕರಾರು ಇದೆ. ತೊತೊ ದೊಡ್ಡವನಾಗಿ ಎಲೆನಾ ಅನ್ನೋ ಹುಡುಗಿಯನ್ನ ಪ್ರೀತಿಸ್ತಾನೆ. ಅವಳ ಕಿಟಕಿ ಕೆಳಗೆ ರಾತ್ರಿಗಟ್ಟಲೆ ನಿಲ್ತಾನೆ. ನೋಡೋಕೆ ಚೆನ್ನಾಗಿದೆ, ಆದರೆ ಎಲೆನಾ ಯಾರು, ಅವಳಿಗೆ ಏನು ಬೇಕಿತ್ತು ಅಂತ ಸಿನಿಮಾ ಕೇಳೋದೇ ಇಲ್ಲ. ಅವಳು ಒಂದು ನೀಲಿ ಕಣ್ಣಿನ ಮುಖ ಮಾತ್ರ. ತಾಯಿ ಮಾರಿಯಾಗೆ ಐದಾರು ದೃಶ್ಯಗಳಲ್ಲಿ ಸಿಕ್ಕ ಜೀವ ಎಲೆನಾಗೆ ಅರ್ಧ ಗಂಟೆಯಲ್ಲೂ ಸಿಗಲಿಲ್ಲ. ಅಮ್ಮ ಈ ಹೊತ್ತಲ್ಲೇ ಎದ್ದು ಹೋಗಿ ಬೆಳಗ್ಗೆಯ ದೋಸೆಗೆ ಉಪ್ಪು ಹಾಕಿ ಕಲಸಿಟ್ಟು ಬಂದಳು.

ಈಗ ಸ್ಟೇಷನ್ ದೃಶ್ಯ. ಮಿಲಿಟರಿ ಸೇವೆ ಮುಗಿಸಿ ತೊತೊ ಊರಿಗೆ ಬಂದಿದ್ದಾನೆ. ಎಲೆನಾ ಇಲ್ಲ. ಟಾಕೀಸಿನ ಕೆಲಸ ಬೇರೆಯವರಿಗೆ ಹೋಗಿದೆ. ಅಲ್ಫ್ರೆದೊ ಅವನಿಗೆ ಹೇಳ್ತಾನೆ: ಇಲ್ಲೇ ಇದ್ದರೆ ಇದೇ ಲೋಕದ ನಡುಮಧ್ಯ ಅನ್ನಿಸಿಬಿಡುತ್ತೆ, ಹೋಗು, ವರ್ಷಗಟ್ಟಲೆ ಬರಬೇಡ. ರೈಲು ಹತ್ತುವಾಗ ಇನ್ನೂ ಗಟ್ಟಿಯಾಗಿ ಹೇಳ್ತಾನೆ. ತಿರುಗಿ ನೋಡಬೇಡ, ಕಾಗದ ಬರೀಬೇಡ, ತಡೆಯೋಕಾಗದೆ ಬಂದುಬಿಟ್ಟರೆ ನನ್ನ ಮನೆ ಬಾಗಿಲಿಗೆ ಮಾತ್ರ ಬರಬೇಡ. ಇದನ್ನ ನಾನು ಮೂರು ಸಲವೂ ಒಬ್ಬ ಗುರುವಿನ ದೊಡ್ಡ ಮಾತು ಅಂತಲೇ ತಗೊಂಡಿದ್ದೆ. ಹೋಗುವವನ ಕಡೆಯಿಂದ ನೋಡಿದ್ದೆ, ಹೋದವನು ನಾನೇ ಆದ್ದರಿಂದ.

ನಾನು ಊರು ಬಿಟ್ಟಿದ್ದು ಪಿಯುಸಿ ಆದ ಮೇಲೆ, ಇಂಜಿನಿಯರಿಂಗಿಗೆ. ನಮ್ಮ ರಸ್ತೆಗೆ ಆಗ ಸಹಕಾರ ಸಾರಿಗೆ ಬಸ್ಸು ಬರ್ತಿತ್ತು. ಕೊಪ್ಪದಲ್ಲಿ ಕಾರ್ಮಿಕರೇ ಸೇರಿ ನಡೆಸ್ತಿದ್ದ ಸಂಸ್ಥೆ ಅದು, 2020ರಲ್ಲಿ ನಿಂತುಹೋಯಿತು. ಜೂನ್ ತಿಂಗಳು, ಬೆಳಗಿಂದ ಬಿಡದೆ ಮಳೆ. ಅಪ್ಪಯ್ಯ ಕಂಬಳಿಕೊಪ್ಪೆ ಹಾಕಿಕೊಂಡೇ ಟ್ರಂಕನ್ನ ಬಸ್ಸಿನ ಮೇಲೆ ಹತ್ತಿಸಿದರು. ಕಿಟಕಿ ಹತ್ತಿರ ಬಂದು, ‘ಸುಮ್‌ಸುಮ್ನೆ ವಾರಕ್ಕೊಂದು ಸಲ ಓಡಿ ಬರೋದು ಬೇಡ, ಓದೋದು ನೋಡು’ ಅಂದರು. ಬೇರೇನೂ ಹೇಳಲಿಲ್ಲ. ಬಸ್ಸು ಹೊರಡೋ ಮೊದಲೇ ತಿರುಗಿ ತೋಟದ ಕಡೆ ನಡೆದರು. ಅದನ್ನ ಸಿಟ್ಟು ಅಂದುಕೊಂಡು ಎಷ್ಟೋ ವರ್ಷ ಒಳಗೇ ಇಟ್ಟುಕೊಂಡಿದ್ದೆ.

ಟಿವಿಯಲ್ಲಿ ರೈಲು ಹೊರಟಿತು. ಅಲ್ಫ್ರೆದೊ ಪ್ಲಾಟ್‌ಫಾರಮ್ಮಿನಲ್ಲಿ ಕೂತಿದ್ದಾನೆ, ರೈಲು ಯಾವ ಕಡೆ ಹೋಯಿತು ಅನ್ನೋದೂ ಅವನಿಗೆ ಕಾಣಲ್ಲ. ಅಪ್ಪಯ್ಯ ಎದ್ದು ಜಗಲಿಗೆ ಹೋದರು. ಸ್ವಲ್ಪ ಹೊತ್ತು ಬಿಟ್ಟು ಎಲೆ ಅಡಿಕೆ ತಟ್ಟೆ ಹಿಡಿದು ಒಳಗೆ ಬಂದು ಕೂತು, ‘ಆ ಮಾರಾಯನಿಗೆ ಇದ್ದ ಕಣ್ಣು ಅಂದರೆ ಆ ಹುಡುಗ ಒಬ್ಬನೇ. ಅವನನ್ನೇ ಕಳಿಸಿಬಿಟ್ಟ’ ಅಂದರು. ನಾನು ಪರದೆಯನ್ನೇ ನೋಡ್ತಾ ಇದ್ದೆ. ತಿರುಗಿ ಅವರ ಮುಖ ನೋಡೋಕೆ ಧೈರ್ಯ ಬರಲಿಲ್ಲ.

ಈ ಸಿನಿಮಾ ಹಳೆಯ ಕಾಲದ ಹಂಬಲದ್ದು, ಸಿನಿಮಾ ಪ್ರೀತಿಯದ್ದು ಅಂತ ಎಲ್ಲರೂ ಬರೀತಾರೆ. ಅದೂ ಇದೆ. ನನಗೀಗ ಅನ್ನಿಸೋದು, ಇದು ಕಳಿಸಿಕೊಟ್ಟವರ ಸಿನಿಮಾ. ನಮ್ಮ ಕಡೆ ಒಂದೊಂದು ಮನೆಗೂ ಹೋಗಿ ನೋಡಿ. ದೊಡ್ಡ ಮನೆ, ದೊಡ್ಡ ಅಂಗಳ, ಒಳಗೆ ಇಬ್ಬರೇ ವಯಸ್ಸಾದವರು. ಮಕ್ಕಳು ಬೆಂಗಳೂರಿನಲ್ಲೋ ಇನ್ನೂ ದೂರದಲ್ಲೋ. ಅವರನ್ನ ಯಾರೂ ಓಡಿಸಿದ್ದಲ್ಲ. ಅಡಿಕೆ ಮಾರಿದ ದುಡ್ಡಲ್ಲಿ ಫೀಸು ಕಟ್ಟಿ, ಇಲ್ಲಿ ಏನಿದೆ, ಹೋಗು ಅಂತ ಇವರೇ ಕಳಿಸಿದ್ದು. ಕೊಳೆರೋಗದಲ್ಲಿ ಅರ್ಧ ಫಸಲು ಉದುರಿದ ವರ್ಷವೂ ಕಳಿಸಿದ್ದಾರೆ. ಆಮೇಲೆ ಈ ಕಡೆ ಏನಾಗುತ್ತೆ ಅಂತ ಅಲ್ಫ್ರೆದೊನಷ್ಟು ನಿಜವಾಗಿ ತೋರಿಸಿದ ಪಾತ್ರ ನಾನು ಬೇರೆ ಸಿನಿಮಾದಲ್ಲಿ ನೋಡಿಲ್ಲ.

ತೊತೊ ಮೂವತ್ತು ವರ್ಷ ಊರಿಗೆ ಬರಲ್ಲ. ರೋಮಿನಲ್ಲಿ ಹೆಸರಾದ ನಿರ್ದೇಶಕ ಆಗ್ತಾನೆ. ಅಲ್ಫ್ರೆದೊ ಸತ್ತ ಸುದ್ದಿ ಬಂದ ಮೇಲೆ ವಾಪಸ್ ಬರ್ತಾನೆ. ಅಷ್ಟರಲ್ಲಿ ಟಾಕೀಸು ಮುಚ್ಚಿ ವರ್ಷಗಳಾಗಿವೆ, ಕಾರು ನಿಲ್ಲಿಸೋ ಜಾಗ ಮಾಡೋಕೆ ಅಂತ ಅದನ್ನ ಉರುಳಿಸ್ತಾರೆ. ಮುದುಕರಾದ ಹಳೆಯ ಪ್ರೇಕ್ಷಕರು ನಿಂತು ನೋಡ್ತಾರೆ, ಒಬ್ಬರೂ ಕೂಗಲ್ಲ. ಇಲ್ಲಿ ನನಗೆ ಅಜ್ಜಿ ನೆನಪಾದಳು. ಅವಳ ತವರು ಶರಾವತಿ ಮುಳುಗಡೆಯದು, 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ನಿಂತಾಗ ಹೋದದ್ದು. ಬೇಸಿಗೆಯಲ್ಲಿ ನೀರು ಇಳಿದರೆ ಯಾವುದೋ ಮನೆಯ ಮೆಟ್ಟಿಲು, ಯಾವುದೋ ಬಾವಿಕಟ್ಟೆ ಕಾಣುತ್ತೆ. ಅಜ್ಜಿಯೂ ಹೀಗೇ, ನೋಡ್ತಾ ನಿಲ್ತಿದ್ದಳು, ಮಾತಾಡ್ತಿರಲಿಲ್ಲ.

ಸಂಗೀತ ಎನ್ನಿಯೊ ಮೊರಿಕೋನೆ ಅವರದ್ದು, ಪ್ರೇಮದ ರಾಗ ಅವರ ಮಗ ಆಂದ್ರೆಯಾ ಕಟ್ಟಿದ್ದು. ಎರಡು ಮೂರು ಕಡೆ ಸಂಗೀತ ಸ್ವಲ್ಪ ಜಾಸ್ತಿಯಾಯಿತು, ಅಳಿಸಲೇಬೇಕು ಅಂತ ಹಟ ಹಿಡಿದ ಹಾಗಿದೆ. ಹಾಗಿದ್ದೂ ಆ ರಾಗ ತೋಟದಲ್ಲಿ ಓಡಾಡುವಾಗ ತಾನಾಗೇ ಬಾಯಿಗೆ ಬರುತ್ತೆ.

ಯಾವ ಪ್ರತಿ ನೋಡಬೇಕು ಅನ್ನೋದು ಮುಖ್ಯ. ಇಟಲಿಯಲ್ಲಿ ಮೊದಲು ಬಿಡುಗಡೆ ಆದದ್ದು 155 ನಿಮಿಷದ್ದು, ಅದು ಓಡಲಿಲ್ಲ. ಆಮೇಲೆ 124 ನಿಮಿಷಕ್ಕೆ ಇಳಿಸಿದರು. 1989ರಲ್ಲಿ ಕಾನ್ ಉತ್ಸವದ ತೀರ್ಪುಗಾರರ ವಿಶೇಷ ಬಹುಮಾನ, 1990ರಲ್ಲಿ ವಿದೇಶಿ ಭಾಷೆಯ ಅತ್ಯುತ್ತಮ ಚಿತ್ರದ ಆಸ್ಕರ್ ಬಂದದ್ದು ಈ ಚಿಕ್ಕದಕ್ಕೆ. 2002ರಲ್ಲಿ ಮೂರು ಗಂಟೆಗೆ ಹತ್ತಿರ ಇರೋ ಉದ್ದದ ಪ್ರತಿಯೂ ಬಂತು. ಅದರಲ್ಲಿ ತೊತೊ ವಯಸ್ಸಾದ ಎಲೆನಾಳನ್ನ ಭೇಟಿ ಆಗ್ತಾನೆ. ಅವರಿಬ್ಬರು ಬೇರೆ ಆಗೋದರಲ್ಲಿ ಅಲ್ಫ್ರೆದೊನ ಕೈ ಇತ್ತು ಅಂತ ಗೊತ್ತಾಗುತ್ತೆ. ನಾನು ಅದನ್ನೂ ನೋಡಿದ್ದೇನೆ. ಎಲೆನಾಗೆ ಅಲ್ಲಿ ಬಾಯಿ ಸಿಕ್ಕಿದೆ, ನಿಜ. ಆದರೆ ಎಲ್ಲವನ್ನೂ ಬಿಡಿಸಿ ಹೇಳಿದ್ದರಿಂದ ಸ್ಟೇಷನ್ನಿನಲ್ಲಿ ಕೂತ ಆ ಮುದುಕನ ಮೌನ ಕರಗಿಹೋಗುತ್ತೆ. ಮೊದಲ ಸಲ ನೋಡೋರು ದಯವಿಟ್ಟು ಚಿಕ್ಕದನ್ನೇ ನೋಡಿ.

ಕೊನೆಗೆ ತೊತೊಗೆ ಅಲ್ಫ್ರೆದೊ ಬಿಟ್ಟುಹೋದ ಒಂದು ರೀಲು ಸಿಗುತ್ತೆ. ರೋಮಿಗೆ ಹೋಗಿ, ಖಾಲಿ ಥಿಯೇಟರಿನಲ್ಲಿ ಒಬ್ಬನೇ ಕೂತು ಹಾಕಿಸ್ತಾನೆ. ಪಾದ್ರಿ ಗಂಟೆ ಹೊಡೆದು ಕತ್ತರಿಸಿದ್ದ ಮುತ್ತುಗಳೆಲ್ಲ ಒಂದಾದ ಮೇಲೊಂದು. ಅವು ನಿನ್ನವೇ ಅಂದಿದ್ದನಲ್ಲ, ಕಣ್ಣಿಲ್ಲದವನು ಅಷ್ಟು ವರ್ಷ ಕಾಪಾಡಿ ಇಟ್ಟಿದ್ದ. ನಾನು ಅತ್ತೆ. ನಾಲ್ಕು ಸಲವೂ ಅತ್ತಿದ್ದೇನೆ.

ಅಮ್ಮ ಅಳಲಿಲ್ಲ. ಅವಳಿಗೆ ಬೇಕಾಗಿದ್ದು ಅದಕ್ಕಿಂತ ಸ್ವಲ್ಪ ಹಿಂದಿನದ್ದು. ಮೂವತ್ತು ವರ್ಷದ ಮೇಲೆ ಮಗ ಬಂದು ಬಾಗಿಲ ಗಂಟೆ ಒತ್ತುತ್ತಾನೆ. ಮಾರಿಯಾ ಮಾಳಿಗೆಯಲ್ಲಿ ಕೂತು ಉಣ್ಣೆ ಹೆಣೀತಾ ಇದ್ದಾಳೆ. ಬಂದದ್ದು ಯಾರು ಅಂತ ಗೊತ್ತಾಗಿ ಎದ್ದು ಓಡ್ತಾಳೆ. ನೂಲು ಅವಳಿಗೆ ಸಿಕ್ಕಿಕೊಂಡು, ಹೆಣೆದದ್ದು ಸಾಲು ಸಾಲಾಗಿ ಬಿಚ್ಚಿಕೊಳ್ತಾ ಹೋಗುತ್ತೆ. ಕ್ಯಾಮೆರಾ ಅವಳ ಹಿಂದೆ ಹೋಗಲ್ಲ, ಬಿಚ್ಚುತ್ತಿರೋ ನೂಲನ್ನೇ ನೋಡ್ತಾ ನಿಲ್ಲುತ್ತೆ. ಒಂದು ಹೊತ್ತಿಗೆ ಬಿಚ್ಚೋದು ನಿಲ್ಲುತ್ತೆ. ಕೆಳಗೆ ತಾಯಿ ಮಗ ತಬ್ಬಿಕೊಂಡಿದ್ದಾರೆ.

ಸಿನಿಮಾ ಮುಗಿದು ನಾನು ವೈರು ಕೀಳೋಕೆ ಹೋದಾಗ, ‘ತಡಿ, ಆ ನೂಲು ಬಿಚ್ಚೋದು ಇನ್ನೊಂದು ಸಲ ಹಾಕು’ ಅಂದಳು. ಹಾಕಿದೆ. ಮುಗೀತು. ಏನೂ ಹೇಳದೆ ಕೈಯಲ್ಲೇ ಇನ್ನೊಮ್ಮೆ ಅಂತ ತೋರಿಸಿದಳು.