ದುರ್ಗದ ಕೋಟೆ ಗೈಡ್: ಅರಮನೆ ಜಾಗ ತೋರಿಸಿ ಅಂತ ಕೇಳೇ ಕೇಳಿ

ಚಿತ್ರದುರ್ಗದ ಕೋಟೆ ನೋಡೋಕೆ ಹೋಗೋರು ದಯವಿಟ್ಟು ಗೈಡ್ ತಗೊಳ್ಳಿ, ದುಡ್ಡು ದಂಡ ಆಗಲ್ಲ. ನಮಗೆ ಗೇಟ್ ಹತ್ರ ಸಿಕ್ಕಿದ್ದು ಊರಿನವರೇ, ಸ್ವಲ್ಪ ವಯಸ್ಸಾದೋರು. ರೇಟು ಮೊದ್ಲೇ ಮಾತಾಡ್ಕೊಂಡ್ವಿ, ಆಮೇಲೆ ಒಂದು ರೂಪಾಯಿ ಜಾಸ್ತಿ ಕೇಳ್ಲಿಲ್ಲ.

"ಏನ್ ನೋಡ್ಬೇಕ್ರಿ?" ಅಂದ್ರು. ಅರಮನೆ ಅಂದ್ವಿ. "ಅರಮನೆ ಎಲ್ಲೈತ್ರೀ, ಗೋಡೆ ಐತೆ, ಬರ್ರಿ ತೋರಿಸ್ತೀನಿ" ಅಂತ ನಡೆದೇ ಬಿಟ್ರು.

ಹೆಚ್ಚಿನ ಗೈಡ್‌ಗಳು ಕೋವಿ ಮದ್ದು ಬೀಸೋ ಕಲ್ಲು, ಏಕನಾಥೇಶ್ವರಿ ಗುಡಿ, ಓಬವ್ವನ ಕಿಂಡಿ ತೋರಿಸಿ ಮುಗಿಸಿಬಿಡ್ತಾರೆ, ಅವೂ ನೋಡ್ಲೇಬೇಕಾದವೇ, ಆದ್ರೆ ದುರ್ಗ ಆಳಿದ ನಾಯಕರು ಬಾಳಿ ಬದುಕಿದ ಮನೆ ಕಡೆ ಯಾರೂ ಕಾಲು ಹಾಕಲ್ಲ ಅನ್ನೋದೇ ನನಗೆ ಸಂಕಟ. ಸುತ್ತಲೂ ಅಷ್ಟು ದೊಡ್ಡ ಕಲ್ಲಿನ ಕೋಟೆ, ಏಳು ಸುತ್ತು, ಒಳಗೆ ದೊರೆ ಮನೆಯ ಗೋಡೆ ಮಾತ್ರ ಮಣ್ಣಿಂದು! ಚಾವಣಿ ಹೋಗಿ ಯಾವ ಕಾಲ ಆಯ್ತೋ, ಮಳೆಗೆ ಗೋಡೆ ತಲೆಯೆಲ್ಲ ಕರಗಿ ಗುಂಡಗಾಗಿದೆ, ಆದ್ರೂ ಆಳೆತ್ತರ ಮೀರಿ ನಿಂತಿದೆ. ಅಲ್ಲೇ ನಿಲ್ಲಿಸಿ ಆ ಅಣ್ಣ ಹೇಳಿದ ರೀತಿ ಇದ್ಯಲ್ಲ, ಅದಕ್ಕೇ ಇಷ್ಟು ಬರೀತಿರೋದು. 1568ರಲ್ಲಿ ತಿಮ್ಮಣ್ಣ ನಾಯಕರಿಂದ ಶುರುವಾದ ಮನೆತನ, ಭರಮಣ್ಣ ನಾಯಕರ ಕಾಲದ ಕಟ್ಟಡಗಳು, 1754ರಲ್ಲಿ ಪಟ್ಟಕ್ಕೆ ಬಂದ ಕೊನೆ ಮದಕರಿ ನಾಯಕರು, 1779ರಲ್ಲಿ ಹೈದರಾಲಿ ಕೋಟೆ ಹಿಡಿದು ಅವರನ್ನ ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದಿದ್ದು, ಎಲ್ಲಾ ಒಂದೇ ಎಳೇಲಿ ಹೇಳಿದ್ರು, ಮದಕರಿ ಅನ್ನೋ ಹೆಸರಲ್ಲಿ ಒಬ್ಬರಿಗಿಂತ ಹೆಚ್ಚು ದೊರೆಗಳಿದ್ರು, ಕಲಸ್ಕೋಬೇಡಿ ಅಂತ್ಲೂ ಬಿಡಿಸಿ ಹೇಳಿದ್ರು. ಮನೆಯವರೇ ಇಲ್ದಂಗಾದ್ಮೇಲೆ ಮಣ್ಣಿನ ಮನೆ ಎಷ್ಟು ದಿನ ನಿಲ್ಲುತ್ತೆ ಹೇಳಿ, ವರ್ಷಾ ವರ್ಷಾ ಚಾವಣಿ ನೋಡ್ಕೊಳ್ಳೋರು ಬೇಕಲ್ವಾ.

ನೀರಿನ ವಿಷಯನೂ ಚೆನ್ನಾಗಿ ಹೇಳಿದ್ರು. ಗೋಪಾಲಸ್ವಾಮಿ ಹೊಂಡ ತುಂಬಿದ್ರೆ ಅಕ್ಕತಂಗಿ ಹೊಂಡಕ್ಕೆ, ಅಲ್ಲಿಂದ ಕೆಳಗೆ ಊರಿನ ಸಿಹಿನೀರು ಹೊಂಡ, ಸಂತೆ ಹೊಂಡಕ್ಕೆ ಹರಿದು ಹೋಗೋ ಹಂಗೆ ಮಾಡಿದ್ರಂತೆ. ಅರಮನೆ ಹೋದ್ರೂ ಈ ಹೊಂಡಗಳು ಉಳಿದಿವೆ, ನನಗಂತೂ ನಾಯಕರ ದೊಡ್ಡತನ ಗೊತ್ತಾಗಿದ್ದು ಇಲ್ಲೇ.

ತುಪ್ಪದ ಕೊಳದ ಬಂಡೆ ಹತ್ತೋಕೆ ಮಕ್ಕಳು ಹಟ ಮಾಡಿದ್ವು, ಮಳೆ ಬಿದ್ದು ಒದ್ದೆ ಐತೆ ಬೇಡ ಅಂತ ಅವ್ರೇ ತಡೆದ್ರು, ಆ ಕಾಳಜಿಗೆ ಇನ್ನೊಂದು ಸ್ಟಾರ್ ಕೊಡ್ಬೇಕು. ಕೊರತೆ ಅಂದ್ರೆ ಮಾತು ಸ್ವಲ್ಪ ಸ್ಪೀಡು, ಹಿಂದೆ ಬರ್ತಿದ್ದ ನಮ್ಮಮ್ಮನಿಗೆ ಅರ್ಧ ಕೇಳಿಸ್ಲಿಲ್ಲ.

ಐದಕ್ಕೆ ನಾಲ್ಕೂವರೆ. ಬೆಳಗ್ಗೆ ಬೇಗ ಹೋಗಿ, ಹೊತ್ತೇರಿದ್ರೆ ಬಂಡೆ ಕಾದು ನಿಲ್ಲೋಕಾಗಲ್ಲ, ನೀರು ತಗೊಂಡು ಹೋಗಿ, ಅರಮನೆ ಗೋಡೆ ಮೇಲೆ ಮಾತ್ರ ಮಕ್ಕಳನ್ನ ಹತ್ತಿಸಿ ಫೋಟೋ ತೆಗೀಬೇಡಿ, ಉಳಿದಿರೋದೇ ಅಷ್ಟು.